ರಿಮ್ಮಿನ ದುಡ್ಡು ರಬ್ಬರಿಗೆ

ಮೂರು ತಿಂಗಳಿಂದ ನನ್ನ ಫೋನಿನ ವಾಲ್‌ಪೇಪರ್ ಒಂದೇ: 17 ಇಂಚಿನ ಕಪ್ಪು ಅಲಾಯ್ ವ್ಹೀಲ್. ಮಗ ಯಾವುದೋ ಹುಡುಗಿ ಫೋಟೊ ನೋಡ್ತಿದಾನೆ ಅಂದ್ಕೊಂಡು ಆಸೆಯಿಂದ ಇಣುಕಿದ ಅಮ್ಮ, "ಇದೇನೋ, ಬರೀ ಚಕ್ರ!" ಅಂತ ಎದ್ದು ಹೋದಳು.

ಬೋನಸ್ ಬಂದಿತ್ತು. ಅಲಾಯ್‌ಗೆ ಅಂತಲೇ 55 ಸಾವಿರ ಎತ್ತಿಟ್ಟಿದ್ದೆ. ಕಾರು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್. ಎಂಜಿನ್ ಚೆನ್ನಾಗಿತ್ತು, ಎಸಿ ಚೆನ್ನಾಗಿತ್ತು, ಚಕ್ರ ಮಾತ್ರ ಪ್ಲಾಸ್ಟಿಕ್ ಕ್ಯಾಪ್ ಹಾಕಿದ ಸಾದಾ ಸ್ಟೀಲ್. ಆಫೀಸ್ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರುಗಳನ್ನು ನೋಡಿದಾಗೆಲ್ಲ ನನ್ನದು ಹವಾಯಿ ಚಪ್ಪಲಿ ಹಾಕ್ಕೊಂಡು ಮದುವೆಗೆ ಬಂದ ಹಾಗೆ ಕಾಣ್ತಿತ್ತು.

ಆಮೇಲೆ 2025ರ ಮೇ ತಿಂಗಳ ಆ ಸಂಜೆ ಬಂತು.

ಹೊಸೂರು ರಸ್ತೆಯಲ್ಲಿ ಹೆಬ್ಬಗೋಡಿ ದಾಟಿ ಬೊಮ್ಮಸಂದ್ರದ ಕಡೆ ಬರ್ತಿದ್ದೆ. ಮಧ್ಯಾಹ್ನವಿಡೀ ಸೆಕೆ, ಆರು ಗಂಟೆಗೆ ಹತ್ತು ನಿಮಿಷದ ಮಳೆ. ವೇಗ 40 ಇದ್ದಿರಬೇಕು. ಮುಂದಿದ್ದ ಟೆಂಪೊ ಬ್ರೇಕ್ ಹಾಕಿತು, ನಾನೂ ಹಾಕಿದೆ. ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗಿತು. ಎಬಿಎಸ್ ಅದರ ಕೆಲಸ ಮಾಡ್ತಿತ್ತು, ಕಾರು ಮಾತ್ರ ನಿಲ್ಲಲಿಲ್ಲ. ಟೆಂಪೊ ತಪ್ಪಿಸಲು ಎಡಕ್ಕೆ ತಿರುಗಿಸಿದೆ. ಅಲ್ಲಿ ರಸ್ತೆ ಬದಿಗೆ ಸ್ಕೂಟರ್ ನಿಲ್ಲಿಸಿ ರೇನ್‌ಕೋಟ್ ಹಾಕಿಕೊಳ್ತಿದ್ದ ಗಂಡ ಹೆಂಡತಿ, ಅವರ ನಡುವೆ ನಾಲ್ಕೈದು ವರ್ಷದ ಹುಡುಗಿ.

ಒಂದು ಮೊಳ ದೂರದಲ್ಲಿ ಕಾರು ನಿಂತಿತು. ಆ ಮನುಷ್ಯ ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ನನ್ನನ್ನೇ ನೋಡ್ತಾ ನಿಂತ, ಅಷ್ಟೆ. ನಾಲ್ಕು ಮಾತು ಬೈದಿದ್ದರೂ ವಾಸಿ ಇತ್ತು.

ಮಾರನೇ ದಿನ ಟೈರ್ ಅಂಗಡಿಗೆ ಹೋದೆ. ಅಂಗಡಿಯ ಅಣ್ಣ ಟೈರಿಗೆ ಉಗುರು ಒತ್ತಿ ನೋಡಿ, "ಗ್ರಿಪ್ ಕಾಣ್ಸುತ್ತೆ ಸಾರ್. ಆದ್ರೆ ರಬ್ಬರ್ ಸತ್ತೋಗಿದೆ" ಅಂದರು. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತೋರಿಸಿದರು: 3217. ಅಂದರೆ 2017ರ 32ನೇ ವಾರ ತಯಾರಾದದ್ದು. ಎಂಟು ವರ್ಷಕ್ಕೆ ಹತ್ತಿರ. ಹಳೇ ಮಾಲೀಕರು ಕಡಿಮೆ ಓಡಿಸಿದ್ದರು, ಹಾಗಾಗಿ ಸವೆದಿರಲಿಲ್ಲ. ಆದರೆ ಬಿಸಿಲು, ಗಾಳಿಗೆ ರಬ್ಬರ್ ಗಟ್ಟಿಯಾಗುತ್ತೆ. ಗಟ್ಟಿ ರಬ್ಬರು ಒದ್ದೆ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಅಂಟಿ ಕೂರೋದಿಲ್ಲ. ಅದರ ಮೇಲೆ ಬೇಸಿಗೆಯ ನಂತರದ ಮೊದಲ ಮಳೆ. ತಿಂಗಳುಗಟ್ಟಲೆ ರಸ್ತೆಗೆ ಬಿದ್ದ ಆಯಿಲ್, ಧೂಳು ಎಲ್ಲ ಸೇರಿ ಸೋಪಿನ ಹಾಗೆ ಆಗಿರುತ್ತೆ.

ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ಹತ್ತಾದರೆ ಹೇಗೇ ಕಾಣಲಿ ಬದಲಿಸಿ ಅಂತ ಟೈರ್ ಕಂಪನಿಗಳೇ ಹೇಳುತ್ತವೆ. ಬಿಸಿಲಲ್ಲಿ ನಿಲ್ಲುವ ಕಾರಾದರೆ ಅಷ್ಟು ದಿನ ಕಾಯುವುದೂ ಬೇಡ.

ಎಕ್ಸೆಲ್ ಶೀಟು ಹೇಳಿದ್ದು

ಅಲಾಯ್ ಆಸೆ ಹಾಗಂತ ಒಂದೇ ದಿನಕ್ಕೆ ಬಿಡುತ್ತಾ? ಟೈರ್ ಹೇಗಿದ್ದರೂ ಬದಲಿಸಬೇಕಲ್ಲ, ಜೊತೆಗೇ ರಿಮ್ಮೂ ಆಗಲಿ ಅಂತ ರಾತ್ರಿ ಕೂತು ಲೆಕ್ಕ ಹಾಕಿದೆ.

ನನ್ನ ಟೈರಿನ ಮೇಲೆ 185/65 ಆರ್15 88ಎಚ್ ಅಂತಿದೆ. 185 ಅಂದರೆ ಅಗಲ, ಮಿಲಿಮೀಟರ್‌ಗಳಲ್ಲಿ. ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 65, ಅಂದರೆ ಸುಮಾರು 120 ಮಿ.ಮೀ. 15 ರಿಮ್ಮಿನ ಇಂಚು. 88 ಅಂದರೆ ಒಂದು ಟೈರು 560 ಕೆ.ಜಿ. ಹೊರಬಲ್ಲದು, ಎಚ್ ಅಂದರೆ ಗಂಟೆಗೆ 210 ಕಿ.ಮೀ. ವೇಗ ತಡೆಯಬಲ್ಲದು.

17 ಇಂಚಿನ ರಿಮ್ಮಿಗೆ ಅಂಗಡಿಗಳಲ್ಲಿ ಹೇಳಿದ ಸೈಜು 205/45. ಚಕ್ರದ ಒಟ್ಟು ವ್ಯಾಸ 621 ಮಿ.ಮೀ. ಇದ್ದದ್ದು 616 ಆಗುತ್ತೆ. ಶೇ. 1ರಷ್ಟೂ ವ್ಯತ್ಯಾಸವಿಲ್ಲ, ಸ್ಪೀಡೋಮೀಟರ್‌ಗೆ ತೊಂದರೆಯಿಲ್ಲ. ಖುಷಿಯಾಯ್ತು. ಆದರೆ ರಬ್ಬರಿನ ಗೋಡೆ 120ರಿಂದ 92 ಮಿ.ಮೀ.ಗೆ ಇಳಿಯುತ್ತೆ. ರಿಮ್ಮಿಗೂ ಗುಂಡಿಗೂ ನಡುವೆ ಇರೋ ದಿಂಬು ಅದೊಂದೇ. ಇಂಡಸ್ಟ್ರಿಯಲ್ ಏರಿಯಾದ ಒಳರಸ್ತೆಗಳಲ್ಲಿ ಮಳೆ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಚಕ್ರ ಇಳಿದ ಮೇಲೇ ಗೊತ್ತಾಗೋದು. ಸ್ಟೀಲ್ ರಿಮ್ ಬಾಗಿದರೆ ಬಡಿದು ಸರಿ ಮಾಡ್ತಾರೆ. ಅಲಾಯ್ ಬಿರುಕು ಬಿಟ್ಟರೆ ಹೊಸದೇ ಗತಿ.

ಇನ್ನೊಂದು, ಅಗಲವಾದ ಟೈರು ಮಳೆಯಲ್ಲಿ ಹೆಚ್ಚು ಹಿಡಿತ ಕೊಡುತ್ತೆ ಅಂತ ನಾನು ನಂಬಿದ್ದೆ. ನಿಂತ ನೀರಿನಲ್ಲಿ ವಿಷಯ ಉಲ್ಟಾ. ಅಗಲ ಹೆಚ್ಚಾದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರೂ ಹೆಚ್ಚು. ತಳ್ಳಲು ಆಗದಿದ್ದಾಗ ಟೈರು ನೀರಿನ ಮೇಲೆ ಏರಿ ತೇಲುತ್ತೆ. ಆಗ ಸ್ಟೇರಿಂಗೂ ಇಲ್ಲ, ಬ್ರೇಕೂ ಇಲ್ಲ.

ನಾಸಾದವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ ಈ ತೇಲುವ ವೇಗಕ್ಕೆ ಒಂದು ಸರಳ ಸೂತ್ರ ಕೊಟ್ಟರು. ಅದರ ಪ್ರಕಾರ ಗಾಳಿ 32 ಪಿಎಸ್‌ಐ ಇದ್ದರೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲಬೇಕು, 24ಕ್ಕೆ ಇಳಿದಿದ್ದರೆ 82ಕ್ಕೇ. ಕಾರಿಗೆ ಇದು ಅಂದಾಜು ಮಾತ್ರ, ಸವೆದ ಟೈರು ಇನ್ನೂ ಬೇಗ ತೇಲಬಹುದು. ಎಲೆಕ್ಟ್ರಾನಿಕ್ಸ್ ಸಿಟಿ ಎಲಿವೇಟೆಡ್ ರಸ್ತೆಯಲ್ಲಿ ಮಳೆಯಲ್ಲೂ 80ರಲ್ಲಿ ಹೋಗುವವರು ಒಮ್ಮೆ ಯೋಚಿಸಿ. ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಲು ನಾವು ಸೋಮಾರಿತನ ಮಾಡೋದು ಐದು ನಿಮಿಷ ಉಳಿಸೋಕೆ.

ಅಕ್ಕನ ಊರಿನ ಚಳಿಗಾಲ

ಮಾಂಟ್ರಿಯಲ್‌ನಲ್ಲಿರುವ ಅಕ್ಕನಿಗೆ ಈ ಕಥೆಯೆಲ್ಲ ಹೇಳಿದೆ. ಅವಳು ನಕ್ಕಳು. "ನಮ್ಮನೇಲಿ ಚಳಿಗಾಲದ ಟೈರಿಗೇ ಬೇರೆ ಒಂದು ಸೆಟ್ ಸ್ಟೀಲ್ ರಿಮ್ ಇದೆ ಕಣೋ. ಚೆನ್ನಾಗಿರೋ ಅಲಾಯ್ ಎಲ್ಲ ಬೇಸಿಗೆಗೆ. ಹಿಮ, ಉಪ್ಪಲ್ಲಿ ಯಾರು ಅದನ್ನ ಹಾಳು ಮಾಡ್ಕೊಳ್ತಾರೆ?" ಅಲ್ಲಿ ಕ್ವಿಬೆಕ್ ಪ್ರಾಂತ್ಯದ ಕಾನೂನಿನಂತೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಮಾಮೂಲಿ ರಬ್ಬರ್ ಗಟ್ಟಿಯಾಗುತ್ತೆ, ಚಳಿಗಾಲದ ಟೈರಿನದು ಮೆತ್ತಗೇ ಉಳಿಯುತ್ತೆ.

ನಮ್ಮ ಬೆಂಗಳೂರಿನ ದಾಖಲೆಯ ಚಳಿ ಎಷ್ಟು ಗೊತ್ತಾ? 1884ರ ಜನವರಿಯಲ್ಲಿ 7.8 ಡಿಗ್ರಿ. ಅಂದರೆ ಚಳಿಗಾಲದ ಟೈರು ನಮಗೆ ಒಂದು ದಿನಕ್ಕೂ ಬೇಡ. ನಮ್ಮ 'ವಿಂಟರ್' ಮಳೆಯೇ. ಮೇ ತಿಂಗಳ ಗುಡುಗಿನ ಮಳೆಯಿಂದ ಶುರುವಾಗಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರಾಗಿ, ನವೆಂಬರ್‌ನಲ್ಲೂ ತಮಿಳುನಾಡಿನ ಕಡೆಯಿಂದ ಬರುತ್ತೆ. ಅರ್ಧ ವರ್ಷ ಒದ್ದೆ ರಸ್ತೆ. ಅಕ್ಕ ಹಿಮ ನೋಡಿ ಟೈರು ಆರಿಸಿದ ಹಾಗೆ ನಾನು ಮಳೆ ನೋಡಿ ಆರಿಸಬೇಕಿತ್ತು. ನಾನು ಪಾರ್ಕಿಂಗ್ ಲಾಟ್ ನೋಡಿ ಆರಿಸ್ತಿದ್ದೆ.

ಕೊನೆಗೆ ಕೊಂಡದ್ದು

ಅದೇ 185/65 ಆರ್15, ನಾಲ್ಕು ಹೊಸ ಟೈರು. ಉದ್ದುದ್ದ ಅಗಲ ಕಾಲುವೆ ಇರುವ, ಒದ್ದೆ ರಸ್ತೆಯ ಹಿಡಿತಕ್ಕೆ ಹೆಸರಾದ ಮಾದರಿ. ಟೈರಿನ ಮೇಲಿನ ಸ್ಟಾರ್ ಲೇಬಲ್ ನೋಡಿ ಮೋಸ ಹೋಗಬೇಡಿ. ಅದು ಇಂಧನ ಉಳಿತಾಯದ್ದು, ಮಳೆಯ ಹಿಡಿತದ್ದಲ್ಲ. ತಯಾರಿಕೆ ವಾರ ನೋಡಿಯೇ ಒಪ್ಪಿದೆ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎಲ್ಲ ಸೇರಿ 26 ಸಾವಿರ. ನೈಟ್ರೋಜನ್ ಬೇಡ ಅಂದೆ. ಮಾಮೂಲಿ ಗಾಳಿಯಲ್ಲೇ ಶೇ. 78 ಅದೇ ಇದೆ.

ಅಂಗಡಿಯ ಅಣ್ಣ ಹೇಳಿದ ಇನ್ನೊಂದು ಮಾತು ನನಗೆ ಹೊಸದು. ದುಡ್ಡಿಲ್ಲದೆ ಎರಡೇ ಟೈರು ಹಾಕಿಸಿದರೆ ಹೊಸವು ಹಿಂದಕ್ಕೆ ಹೋಗಬೇಕು. ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ವಲ್ಪವಾದರೂ ಸುಧಾರಿಸಬಹುದು, ಹಿಂದಿನದು ಜಾರಿದರೆ ಕಾರು ಬುಗುರಿ ಥರ ತಿರುಗುತ್ತೆ.

ಅಲಾಯ್ ಹಾಕಿಸಲೇಬೇಕು ಅನ್ನುವವರಿಗೆ ಬೇಡ ಅನ್ನೋದಿಲ್ಲ. ನನ್ನಂಥ ಕಾರಿಗೆ 195/55 ಆರ್16 ತನಕ ಹೋದರೆ ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ರಬ್ಬರಿನ ಗೋಡೆ 107 ಮಿ.ಮೀ. ಉಳಿಯುತ್ತೆ. ಬೋಲ್ಟಿನ ಅಳತೆ, ಆಫ್‌ಸೆಟ್ ನಿಮ್ಮ ಕಾರಿಗೆ ಸರಿಹೊಂದಬೇಕು, ವಿಮೆಯವರಿಗೂ ತಿಳಿಸಬೇಕು. ಆದರೆ ಮೊದಲು ರಬ್ಬರು, ಆಮೇಲೆ ರಿಮ್ಮು.

ಹಳದಿ ಮಾರ್ಗದ ಮೆಟ್ರೊ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ನಾನು ದಿನಾ ಕಾರು ತೆಗೆಯೋದಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಕಾರು ಹೀಗೇ ಕೆಳಗೆ ನಿಂತಿರಬಹುದು. ಓಡಿಸದಿದ್ದರೆ ಟೈರು ಸವೆಯೋದಿಲ್ಲ ನಿಜ, ವಯಸ್ಸು ಮಾತ್ರ ಆಗ್ತಾನೇ ಇರುತ್ತೆ. ಹಬ್ಬಕ್ಕೆ ಊರಿಗೆ ಹೊರಟು, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವಾಗ ಅದು ಗೊತ್ತಾಗೋದು ಬೇಡ.

ಇವತ್ತು ರಾತ್ರಿ ಊಟ ಆದ ಮೇಲೆ ಫೋನಿನ ಟಾರ್ಚ್ ಹಾಕಿಕೊಂಡು ಕೆಳಗೆ ಹೋಗಿ. ನಾಲ್ಕೂ ಟೈರಿನಲ್ಲಿ ಆ ನಾಲ್ಕು ಅಂಕಿ ಹುಡುಕಿ. ಕೆಲವು ಸಲ ಒಳಬದಿಗೆ ಇರುತ್ತೆ, ಬಗ್ಗಿ ನೋಡಿ. ಟಿಡಬ್ಲ್ಯುಐ ಗುರುತಿನ ನೇರಕ್ಕೆ ಕಾಲುವೆಯೊಳಗೊಂದು ಸಣ್ಣ ದಿಬ್ಬ ಇರುತ್ತೆ. ಅದರ ಎತ್ತರ 1.6 ಮಿ.ಮೀ., ಕಾನೂನಿನ ಕನಿಷ್ಠ ಅದು. ಮಳೆಗಾಲಕ್ಕೆ 3 ಮಿ.ಮೀ. ಆದರೂ ಇರಲಿ.

ಹೊಸ ಟೈರು ಹಾಕಿಸಿದ್ದು ಆಫೀಸಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅದೇ ಸ್ಟೀಲ್ ರಿಮ್ಮು, ಅದೇ ಪ್ಲಾಸ್ಟಿಕ್ ಕ್ಯಾಪು. ಅಮ್ಮ ಮಾತ್ರ ಒಂದು ದಿನ ಕೇಳಿದಳು, "ಆ ಕರೀ ಚಕ್ರ ಹಾಕಿಸ್ಲೇ ಇಲ್ವಲ್ಲೋ?" ಆ ಸ್ಕೂಟರಿನ ವಿಷಯ ಅವಳಿಗೆ ಹೇಳಿಲ್ಲ. "ಮುಂದಿನ ವರ್ಷ ನೋಡೋಣಮ್ಮ" ಅಂದೆ.