ಬೋರ್ಡು ಕೆ.ಆರ್. ಪುರ, ಬಸ್ಸು ಇನ್ನೆಲ್ಲಿಗೋ!

ಶಿವಾಜಿನಗರ ಸ್ಟ್ಯಾಂಡಿನಲ್ಲಿ ಯಾವನೋ ಖದೀಮ ಬೇರೆ ಊರಿನ ಬಸ್ಸಿಗೆ ಕೆ.ಆರ್. ಪುರದ ಬೋರ್ಡು ತಗುಲಿಸಿದರೆ ಏನಾದೀತು? ಹಲಸೂರು ಬರುವಷ್ಟರಲ್ಲಿ ಪ್ರಯಾಣಿಕರು ಗಲಾಟೆ ಎಬ್ಬಿಸಿ ಕಂಡಕ್ಟರನ ಗ್ರಹಚಾರ ಬಿಡಿಸುತ್ತಾರೆ. ಆದರೆ ನಮ್ಮ ನಿಮ್ಮ ಮೊಬೈಲಿನಲ್ಲಿ ಇಂಥ ಸುಳ್ಳು ಬೋರ್ಡುಗಳು ದಿನವೂ ಓಡಾಡುತ್ತಿವೆ. ದಾರಿ ತಪ್ಪಿದ್ದು ತಿಳಿಯುವುದು ಬ್ಯಾಂಕಿನ ಖಾತೆ ಬರಿದಾದ ಮೇಲೆ!

ಲಿಂಕು ಅಂತ ಕರೆಯುವ ನೀಲಿ ಸಾಲಿನ ಮರ್ಮವೇ ಇದು. ಮೇಲೆ ಕಾಣುವ ಅಕ್ಷರ ಒಂದು, ಒಳಗೆ ಅಡಗಿರುವ ವಿಳಾಸ ಇನ್ನೊಂದು. ಮೇಲೆ ಬ್ಯಾಂಕಿನ ಹೆಸರು ಬರೆದು ಒಳಗೆ ಕಳ್ಳನ ವಿಳಾಸ ಇಡುವುದು ಯಾರಿಗೂ ಕಷ್ಟವಲ್ಲ.

2022ರಲ್ಲಿ ಬೆಸ್ಕಾಂ ಹೆಸರಿನಲ್ಲಿ 'ಇವತ್ತು ರಾತ್ರಿ ಕರೆಂಟ್ ಕಟ್' ಎಂಬ ಸಂದೇಶ ಹರಿದಾಡಿತು. ಅದು ನಮ್ಮದಲ್ಲ ಎಂದು ಬೆಸ್ಕಾಂ ಹೇಳಬೇಕಾಯಿತು. ಈಗಿನ ಹಾವಳಿ ಟ್ರಾಫಿಕ್ ದಂಡದ್ದು. 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತ್ತು. ಬಾಕಿ ಇರುವ ಸ್ಕೂಟರ್ ಸವಾರನಿಗೆ 'ದಂಡ ಕಟ್ಟಲು ಇಲ್ಲಿ ಒತ್ತಿ' ಅಂತ ಬಂದರೆ ಆತ ನಂಬದೆ ಇರುತ್ತಾನೆಯೇ?

ಅಸಲಿ ಚಲನ್ ತಾಣದ ವಿಳಾಸ 'ಪರಿವಾಹನ್ ಡಾಟ್ ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆ. ನಕಲಿಯವರು ನಡುವಿನ 'ಜಿಒವಿ'ಯನ್ನು ಮೆಲ್ಲಗೆ ಹಾರಿಸುತ್ತಾರೆ. ಇನ್ನು ಕೆಲವರು ಅದನ್ನು ಮೊದಲಿಗಿಟ್ಟು ಕೊನೆಗೆ ತಮ್ಮ ಹೆಸರು ಸೇರಿಸುತ್ತಾರೆ. ಪತ್ರದ ಮೇಲೆ ಬೀದಿಯ ಹೆಸರು ಏನೇ ಇರಲಿ, ಅಂಚೆ ಹೋಗುವುದು ಕೊನೆಯಲ್ಲಿ ಬರೆದ ಊರಿಗೆ. ಇಲ್ಲೂ ಹಾಗೆಯೇ: ಮೊದಲ ಒಂಟಿ ಓರೆಗೆರೆಗೆ ಮುಂಚಿನ ಕೊನೆಯ ತುಂಡನ್ನು ಓದಬೇಕು. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಒಳಗಿನ ವಿಳಾಸ ಕಾಣುತ್ತದೆ.

ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಎಂಬ ಫೈಲು ಇನ್ನೂ ಘಾತುಕ. ಅದನ್ನು ಹಾಕಿಕೊಂಡು, ಕೇಳಿದ್ದಕ್ಕೆಲ್ಲ 'ಹೂಂ' ಅಂದಿರೋ, ನಿಮಗೆ ಬರುವ ಓಟಿಪಿ ಕಳ್ಳನೇ ಓದುತ್ತಾನೆ. ಯಾವ ಪೊಲೀಸರೂ ಚಲನ್ನನ್ನು ಎಪಿಕೆ ಮಾಡಿ ಕಳಿಸುವುದಿಲ್ಲ.

'ಓದಿದವರೇ ಮೋಸ ಹೋದರೆ ಏನು ಮಾಡೋಣ' ಅಂತ ಅಧಿಕಾರಿಗಳು ಕೈ ತೊಳೆದುಕೊಳ್ಳುವುದು ಸರಿಯಲ್ಲ. ರಸೆಲ್ ಮಾರುಕಟ್ಟೆಯಲ್ಲಿ ಕನ್ನಡ, ಉರ್ದು, ತಮಿಳು ಬಲ್ಲ ವ್ಯಾಪಾರಿ ಲೆಕ್ಕದಲ್ಲಿ ಪೈಸೆ ಬಿಡುವವನಲ್ಲ. ಆದರೆ ಈ ವಿಳಾಸಗಳೆಲ್ಲ ಇಂಗ್ಲಿಷ್ ಅಕ್ಷರದವು. ಒಂದು ಅಕ್ಷರ ಹಾರಿದ್ದನ್ನು ಗಿರಾಕಿಗಳ ಗದ್ದಲದ ನಡುವೆ ಆತ ಪತ್ತೆ ಮಾಡಬೇಕೇ? ಸರ್ಕಾರಿ ಕಚೇರಿಗಳೂ ಬ್ಯಾಂಕುಗಳೂ ತಾವೇ ಲಿಂಕು ಕಳಿಸಿ ಜನರಿಗೆ ಒತ್ತುವ ಚಟ ಕಲಿಸಿವೆ. ಬರೀ 'ನಿಮ್ಮ ಬಾಕಿ ಇಷ್ಟು, ಕೌಂಟರಿನಲ್ಲಿ ಅಥವಾ ನಮ್ಮ ತಾಣದಲ್ಲಿ ಕಟ್ಟಿ' ಎಂದರೆ ಸಾಲದೇ? ಕಸ್ತೂರಿನಗರ, ಕೆ.ಆರ್. ಪುರದ ಆರ್‌ಟಿಓ ಕಚೇರಿಗಳಲ್ಲಿ, ಬಸ್‌ ನಿಲ್ದಾಣಗಳಲ್ಲಿ, ಮೆಟ್ರೋ ಮೆಟ್ಟಿಲಿನ ಬಳಿ ಸರಿಯಾದ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆಸಲಿ.

ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ತಿಳಿಸಿದ ಮೇಲೂ ಖಾತೆಯಿಂದ ಹಣ ಹೋದರೆ ಆ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ದೂರು ಕೊಡಲು ಹೋದವರನ್ನು 'ಇದು ನಮ್ಮ ಹದ್ದಲ್ಲ' ಎಂದು ಠಾಣೆಯಿಂದ ಠಾಣೆಗೆ ಅಲೆಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಹೆಸರು ಮರೆಸಿ ಕಂಪ್ಯೂಟರ್ ಮೂಲಕ ವಂಚಿಸಿದವನಿಗೆ ಐಟಿ ಕಾಯಿದೆಯ 66ಡಿ ಕಲಮಿನಲ್ಲಿ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು.

ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಆ ಹಿರಿಮೆ ಫಲಕದಲ್ಲಿ ಉಳಿದರೆ ಸಾಲದು, ಗಂಟು ಕಳೆದುಕೊಂಡ ಬಡಪಾಯಿಯ ದೂರು ದಾಖಲಾಗಬೇಕು. ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ. ಅಲ್ಲಿಯವರೆಗೆ ನಾವು ಬೋರ್ಡು ನೋಡಿ ಹತ್ತುವುದು ಬಿಟ್ಟು, ಬಸ್ಸು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದು ಕಲಿಯೋಣ.