ಗುಮ್ಮ, ಗಂಡಭೇರುಂಡ ಮತ್ತು ಡೈನೋಸಾರ್

ಮಕ್ಕಳು ಕಣ್ಣಿಗೆ ಕಾಣದ ಪ್ರಾಣಿಗಳ ಮೇಲೆ ಮನಸ್ಸಿಟ್ಟರೆ ಹಿರಿಯರು ಸಿಡುಕುವುದುಂಟು. “ಎಂದೋ ಸತ್ತ ಹಲ್ಲಿಗಳ ಹೆಸರು ಬಾಯಿಪಾಠ ಮಾಡಿ ಏನು ಬಂತು? ಮಗ್ಗಿ ಕಲಿ” ಎಂದು ಗದರಿಸುವ ಮನೆಗಳು ಎಷ್ಟಿಲ್ಲ! ಈ ಗದರಿಕೆ ಸಲ್ಲದೆಂಬುದು ನನ್ನ ಅಭಿಪ್ರಾಯ. ನನ್ನ ಸಹಪಾಠಿಗಳಲ್ಲಿ ಅನೇಕರು ನಾಳೆ ಶಿಕ್ಷಕರಾಗುವವರು. ಆದುದರಿಂದಲೇ ಈ ಮಾತನ್ನು ಇಲ್ಲಿ ಎತ್ತಿದ್ದೇನೆ.

ನಾನು ಬೆಳೆದ ಮುಂಡಗೋಡದಲ್ಲಿ ಇಂಥ ಪ್ರಾಣಿಗಳಿಗೆ ಬರವಿರಲಿಲ್ಲ. ಊಟ ಬಿಟ್ಟೆದ್ದರೆ ಗುಮ್ಮ ಬರುತ್ತಿದ್ದ. 1966ರಲ್ಲಿ ನೆಲೆಗೊಂಡ ಟಿಬೆಟಿಯನ್ ಕಾಲನಿಗೆ ಹೋದರೆ ಹಸಿರು ಕೇಸರದ ಬಿಳಿಯ ಹಿಮಸಿಂಹ, ಮೋಡಗಳ ನಡುವೆ ಹೊರಳುವ ಡ್ರ್ಯಾಗನ್. ರಾಜ್ಯದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ. ಇವುಗಳ ಜೊತೆಗೆ ಪುಸ್ತಕದೊಳಗಿಂದ ಡೈನೋಸಾರೂ ಬಂದು ಸೇರಿಕೊಂಡಿತು. ಆಗ ನನ್ನಲ್ಲಿ ಹುಟ್ಟಿದ ಪ್ರಶ್ನೆ ಒಂದೇ: ಇವುಗಳಲ್ಲಿ ನಿಜವಾಗಿ ಇದ್ದುದು ಯಾವುದು? ಅದು ಇತ್ತೆಂದು ತಿಳಿಯುವುದು ಹೇಗೆ?

ಸಣ್ಣ ಪ್ರಶ್ನೆಯೇ ಇದು? ವಿದ್ಯೆಯ ಬೇರೇ ಇಲ್ಲಿದೆ. ಬನವಾಸಿ ನಾಡನ್ನಾಳಿದ ಚಾವುಂಡರಾಯನು 1047ರಲ್ಲಿ ಬಳ್ಳಿಗಾವೆಯಲ್ಲಿ ಗಂಡಭೇರುಂಡದ ಕಂಬ ನಿಲ್ಲಿಸಿದನು. ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಶಿಲ್ಪಿಯು ಅದನ್ನು ಕಂಡದ್ದು ಕಾಡಿನಲ್ಲಲ್ಲ, ಮನಸ್ಸಿನಲ್ಲಿ. ಡೈನೋಸಾರಿಗಾದರೋ ಮೂಳೆಯ ಸಾಕ್ಷಿಯಿದೆ. 1828ರಲ್ಲಿ ಜಬಲಪುರದ ಬಳಿ ಸ್ಲೀಮನ್ ಎಂಬ ಸೇನಾಧಿಕಾರಿಗೆ ಅದರ ಮೂಳೆಗಳು ಸಿಕ್ಕವು. ರಿಚರ್ಡ್ ಓವೆನ್ ಆ ಕುಲಕ್ಕೆ ಹೆಸರಿಟ್ಟುದು 1842ರಲ್ಲಿ. ಎಂದರೆ ಹೆಸರಿಗಿಂತ 14 ವರ್ಷ ಮೊದಲೇ ನಮ್ಮ ದೇಶದ ನೆಲ ಸಾಕ್ಷಿ ನುಡಿದಿತ್ತು. ಗೋದಾವರಿ ಕಣಿವೆಯಲ್ಲಿ ದೊರೆತ ಇನ್ನೊಂದಕ್ಕೆ 1975ರಲ್ಲಿ ಬಾರಾಪಾಸಾರಸ್ ಟಾಗೋರೈ ಎಂದು ಹೆಸರಾಯಿತು. ಬಂಗಾಳಿಯಲ್ಲಿ ‘ಬಾರಾ ಪಾ’ ಎಂದರೆ ದೊಡ್ಡ ಕಾಲು. ಉಳಿದುದು ಕವಿ ರವೀಂದ್ರರ ಹೆಸರು. ಕಲೆಗೂ ವಿಜ್ಞಾನಕ್ಕೂ ವೈರವೆನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ನಮ್ಮೂರ ಹೊಲದಲ್ಲಿ ಅಂಥ ಮೂಳೆ ಏಕೆ ಸಿಗುವುದಿಲ್ಲ? ಧಾರವಾಡದ ಹೆಸರಿನಿಂದಲೇ ಪ್ರಸಿದ್ಧವಾದ ಈ ಭಾಗದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮಿಕ್ಕ ವಯಸ್ಸು. ಡೈನೋಸಾರುಗಳು ಹುಟ್ಟಿದುದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಅಷ್ಟು ಹಳೆಯ ಕಲ್ಲಿನೊಳಗೆ ಅಷ್ಟು ಈಚಿನ ಪ್ರಾಣಿಯ ಮೂಳೆ ಇರುವುದೆಂತು? ಹಾಗೆಂದು ನಿರಾಶರಾಗಬೇಕಿಲ್ಲ. ಹಕ್ಕಿಗಳು ಡೈನೋಸಾರುಗಳದೇ ವಂಶವೆಂದು ವಿಜ್ಞಾನ ಇಂದು ಹೇಳುತ್ತದೆ. ಅತ್ತಿವೇರಿ ಕೆರೆಯ ದಂಡೆಯಲ್ಲಿ ಬೆಳ್ಳಕ್ಕಿಯ ಹುರುಪೆಗಾಲನ್ನು ನೋಡಿರಿ. ಅಜ್ಜನ ಗುರುತು ಮೊಮ್ಮಗನಲ್ಲಿದೆ.

ಮಗುವು “ಇದು ನಿಜವೇ?” ಎಂದು ಕೇಳಿದಾಗ “ಸುಮ್ಮನಿರು” ಎನ್ನುವುದು ಸುಲಭ. ಹಾಗೆ ಸುಮ್ಮನಾದ ಮಗುವೇ ಮುಂದೆ ತರಗತಿಯಲ್ಲಿ ಬರೆಸಿದುದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಹಿಂದಿರುಗಿಸಿ, ಮರೆತುಬಿಡುತ್ತದೆ. ನಮ್ಮ ಬೆಂಚುಗಳಲ್ಲಿಯೂ ಅಂಥ ಮೌನಕ್ಕೆ ಕೊರತೆಯಿಲ್ಲ. ಕಥೆಯನ್ನು ಕಥೆಯೆಂದು ಸವಿಯಲಿ, ಮೂಳೆಯನ್ನು ಮೂಳೆಯೆಂದು ಅಳೆಯಲಿ. ಎರಡರ ವ್ಯತ್ಯಾಸವನ್ನು ತಾನೇ ಕೇಳಿ ತಿಳಿಯಲಿ. ನಾಳೆ ಶಿಕ್ಷಕರಾಗುವ ಮಿತ್ರರು ಆ ಪ್ರಶ್ನೆಗೆ ಒಂದು ಗಳಿಗೆ ಕಿವಿಗೊಟ್ಟರೆ ಸಾಕು.