ಕಲಿತ ವಿದ್ಯೆಗೆ ತಗುಲಿದ ವೆಚ್ಚ

ಕಳೆದ ಮಾಸದಲ್ಲಿ ನಂಜನಗೂಡಿನ ಕಪಿಲಾತೀರದಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಭೇಟಿಯಾದರು. ತಿರುಮಕೂಡಲು ನರಸೀಪುರದಲ್ಲಿ ಸ್ವಂತ ದಂತಚಿಕಿತ್ಸಾಲಯವನ್ನು ನಡೆಸುತ್ತಿರುವವರು. ಹೊಸ ಚಿಕಿತ್ಸಾಕ್ರಮವೊಂದನ್ನು ಕಲಿಯಲು ಮೈಸೂರಿನಲ್ಲಿ 60,000 ರೂಪಾಯಿ ತೆತ್ತು, ರಸೀದಿಯನ್ನು ಬಿಸುಟಿದ್ದರು! “ಮೇಷ್ಟ್ರೇ, ಓದಿಗೆ ಕೊಟ್ಟ ಹಣವನ್ನು ತೆರಿಗೆಯವರು ಲೆಕ್ಕಕ್ಕೆ ಹಿಡಿಯುತ್ತಾರೆಯೇ?” ಎಂದರು. ನಮಗೆ ವ್ಯಥೆಯಾಯಿತು.

ಮೂಲಧನದ್ದೂ ಸ್ವಂತದ್ದೂ ಅಲ್ಲದೆ, ಕೇವಲ ವೃತ್ತಿಗಾಗಿಯೇ ಮಾಡಿದ ವೆಚ್ಚವನ್ನು ಆದಾಯದಿಂದ ಕಳೆಯಬಹುದೆಂಬುದು 1961ನೆಯ ಇಸವಿಯ ಆದಾಯ ತೆರಿಗೆ ಕಾಯಿದೆಯ 37ನೆಯ ಪ್ರಕರಣದ ಸೂತ್ರ. 2025ನೆಯ ಕಾಯಿದೆಯೂ ಅದನ್ನು ಕೈಬಿಟ್ಟಿಲ್ಲ. ಇರುವ ವೃತ್ತಿಯನ್ನು ಹದಗೊಳಿಸುವ ಶಿಕ್ಷಣಕ್ಕೆ ಇದು ಒದಗುವುದು. ದಂತವೈದ್ಯರಾಗುವುದಕ್ಕೆಂದೇ ಮೊದಲು ಓದಿದ ಪದವಿಯ ವೆಚ್ಚಕ್ಕಾದರೋ ಒದಗದು. ಅದು ವೃತ್ತಿಯನ್ನು ಪಡೆಯಲು ಕೊಟ್ಟುದೇ ಹೊರತು ನಡೆಸಲು ಕೊಟ್ಟುದಲ್ಲ. ವೈಯಾಕರಣರು ಮೆಚ್ಚತಕ್ಕ ಭೇದವಿದು!

ಇನ್ನೊಂದು ತೊಡಕುಂಟು. ವೈದ್ಯರು, ವಕೀಲರು, ಇಂಜಿನಿಯರುಗಳು ಮೊದಲಾದವರು ನಿಯತವಾದ ಮಿತಿಯೊಳಗೆ ಒಟ್ಟು ಗಳಿಕೆಯ ಅರ್ಧವನ್ನು ಆದಾಯವೆಂದು ಒಪ್ಪಿಸುವ ಸುಲಭಮಾರ್ಗವನ್ನು ಹಿಡಿದರೆ, ಸಕಲ ವೆಚ್ಚವೂ ಉಳಿದರ್ಧದಲ್ಲಿಯೇ ಅಡಗಿತೆಂದು ಭಾವಿಸಲಾಗುವುದು. ಆಗ ಶಿಕ್ಷಣದ ಹಣವನ್ನು ಬೇರೆಯಾಗಿ ಕಳೆಯುವಂತಿಲ್ಲ. ನಮ್ಮ ಶಿಷ್ಯರು ಆ ಮಾರ್ಗದವರಲ್ಲ. ಲೆಕ್ಕಪುಸ್ತಕಗಳನ್ನಿಟ್ಟು ನಿಜವಾದ ವೆಚ್ಚವನ್ನೇ ತೋರಿಸುವವರು. ಆದುದರಿಂದಲೇ ಆ ರಸೀದಿಗೆ ಅಷ್ಟು ಬೆಲೆ.

ಪುಣ್ಯವಶಾತ್ ಹಣವನ್ನು ಬ್ಯಾಂಕಿನ ಮೂಲಕ ಸಲ್ಲಿಸಿದ್ದರು. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿಗೆ ಮೀರಿ ನಗದಾಗಿ ತೆತ್ತಿದ್ದರೆ ಆ ವೆಚ್ಚವೇ ತಿರಸ್ಕೃತವಾಗುತ್ತಿತ್ತು. ರಸೀದಿಯ ಪ್ರತಿಯನ್ನು ಬೇಡಿ ಅಲ್ಲಿಯೇ, ಸೋಪಾನದ ಮೇಲೆ ಕುಳಿತು, ಮೈಸೂರಿಗೆ ಪತ್ರ ಬರೆಯಿಸಿದೆವು.